ಹೂಂಗುಟ್ಟಿದ ಬಾಬ್ತು

ಆಸ್ಪತ್ರೆಯ ಬಿಲ್ಲನ್ನು ಮನುಷ್ಯರು ಬರೆಯಕೂಡದು ಎಂಬ ಕಾನೂನು ಬಂದು ಆಗ ಆರು ವರ್ಷವಾಗಿತ್ತು. ಅದಕ್ಕೆ ಮುಂಚೆ ಜನ ಪಟ್ಟ ಪಾಡು ಯಾರೂ ಮರೆತಿರಲಿಲ್ಲ. ಹಾಕದ ಸೂಜಿಗೆ ಹಣ, ಬಾರದ ಡಾಕ್ಟರಿಗೆ ಫೀಸು, ಒಂದು ಜೊತೆ ಕೈಗವಸಿಗೆ ನಾಲ್ಕು ಜೊತೆಯ ಲೆಕ್ಕ. ಕೇಳಿದರೆ ಕೌಂಟರಿನವರು ವಾರ್ಡಿನ ಕಡೆ ಕೈ ತೋರಿಸುತ್ತಿದ್ದರು, ವಾರ್ಡಿನವರು ಕೌಂಟರಿನ ಕಡೆ. ಕೊನೆಗೆ ಸರ್ಕಾರವೇ ಬೇಸತ್ತು ಬರೆಯುವ ಕೈಯನ್ನೇ ತೆಗೆದುಹಾಕಿತು. ಪ್ರತಿ ಹಾಸಿಗೆಯ ತಲೆಯ ಮೇಲೆ, ಗೋಡೆಗೆ, ಅರ್ಧ ತೆಂಗಿನ ಚಿಪ್ಪಿನಷ್ಟು ದೊಡ್ಡದೊಂದು ಬಿಳಿಯ ಯಂತ್ರ ಬಂದು ಕೂತಿತು. ಅದಕ್ಕೊಂದು ಉದ್ದನೆಯ ಸರ್ಕಾರಿ ಹೆಸರಿತ್ತು. ಜನ ಅದನ್ನು ಕಿವಿ ಎಂದು ಕರೆದರು.

ಕಿವಿಯ ಕೆಲಸ ಕೇಳಿಸಿಕೊಳ್ಳುವುದು. ಸೂಜಿಯ ಪೊಟ್ಟಣ ಹರಿದ ಸದ್ದು, ಗ್ಲೂಕೋಸ್ ಬಾಟಲಿ ಕೊಕ್ಕೆಗೆ ತಗುಲಿದ ಸದ್ದು, ಡಾಕ್ಟರು ನಿಂತು ಮಾತಾಡಿದ ಹೊತ್ತು, ಎಲ್ಲವನ್ನೂ ಗುರುತಿಸಿ ಅದು ತಾನೇ ಬಿಲ್ಲಿಗೆ ಏರಿಸುತ್ತಿತ್ತು. ಅದಕ್ಕೆ ಏನನ್ನಾದರೂ ಸೇರಿಸಲು ಆಗಲಿ ಅದರಿಂದ ಅಳಿಸಲು ಆಗಲಿ ಆಸ್ಪತ್ರೆಯ ಯಾರಿಗೂ ಅಧಿಕಾರವಿರಲಿಲ್ಲ. ರೋಗಿಗಳ ಖಾಸಗಿ ಮಾತು ಹೊರಗೆ ಹೋಗಬಾರದೆಂದು ಇನ್ನೊಂದು ಏರ್ಪಾಡು ಮಾಡಿದ್ದರು. ಕಿವಿ ಮಾತನ್ನು ಇಟ್ಟುಕೊಳ್ಳುತ್ತಿರಲಿಲ್ಲ. ಕೇಳಿದ ಕ್ಷಣದಲ್ಲೇ ಅಕ್ಷರಗಳನ್ನು ಎಸೆದು, ಎಲ್ಲಿ ಎಳೆದರು, ಎಲ್ಲಿ ಮೊಟಕು ಮಾಡಿದರು, ಎಲ್ಲಿ ನಿಂತರು, ಯಾರ ದನಿಯ ಹಿಂದೆ ಯಾರ ದನಿ ಬಂತು, ಅಷ್ಟನ್ನು ಮಾತ್ರ ಉಳಿಸಿಕೊಳ್ಳುತ್ತಿತ್ತು. ಹೀಗೆ ಉಳಿದ ಮಾತಿನ ಅಚ್ಚನ್ನು ತನ್ನೊಳಗಿನ ಒಂಬತ್ತು ಸಾವಿರ ಅಚ್ಚುಗಳ ಜೊತೆ ಹೋಲಿಸಿ, ಇದು ಇಂಥ ಚಿಕಿತ್ಸೆ, ಇದಕ್ಕಿಷ್ಟು ಎಂದು ತೀರ್ಮಾನಿಸುತ್ತಿತ್ತು.

ಮೋಸ ನಿಂತಿತು. ಬಿಲ್ಲು ಮಾತ್ರ ಮೊದಲಿಗಿಂತ ಉದ್ದವಾಯಿತು. ಮೊದಲಾದರೆ ಅರ್ಥವಾಗದಿದ್ದಾಗ ಬರೆದವನನ್ನಾದರೂ ಬೈಯಬಹುದಿತ್ತು.

ತುಮಕೂರಿನ ಒಂದು ಆಸ್ಪತ್ರೆಯ ಮೂರನೆಯ ಮಹಡಿಯಲ್ಲಿ, ಹದಿನಾಲ್ಕನೆಯ ನಂಬರಿನ ಹಾಸಿಗೆಯಲ್ಲಿ ಮರುಳಯ್ಯ ಮಲಗಿದ್ದರು. ಸರ್ಕಾರಿ ಬಸ್ಸಿನಲ್ಲಿ ಮೂವತ್ತೊಂದು ವರ್ಷ ಕಂಡಕ್ಟರಾಗಿದ್ದವರು. ಹೆಚ್ಚಿನ ವರ್ಷ ಮಧುಗಿರಿಯ ರೂಟು. ನಿವೃತ್ತಿಯಾಗಿ ಒಂಬತ್ತು ವರ್ಷಕ್ಕೆ, ಒಂದು ಸಂಜೆ ದೇವರ ಮುಂದೆ ಕೂತು ಪದ್ಯ ಓದುತ್ತಿದ್ದಾಗಲೇ ಬಲಗೈ ಜಾರಿ, ಬಾಯಿ ಸೊಟ್ಟಗಾಗಿ, ಪಕ್ಕಕ್ಕೆ ಒರಗಿದ್ದರು. ಮಿದುಳಿನ ಎಡಭಾಗಕ್ಕೆ ರಕ್ತ ಹರಿಯುವುದು ನಿಂತಿತ್ತು. ಜೀವ ಉಳಿಯಿತು. ಮಾತು ಹೋಯಿತು. ನೀರು ಬೇಕೆಂದರೆ ನೀರು ಎನ್ನಲು ಬರುತ್ತಿರಲಿಲ್ಲ. ತುಟಿ ಅಲ್ಲಾಡಿ, ಗಂಟಲಲ್ಲಿ ಏನೋ ಸಿಕ್ಕಿಕೊಂಡು, ಕಣ್ಣಲ್ಲಿ ನೀರು ಬರುತ್ತಿತ್ತು.

ಅವರ ಹೆಂಡತಿ ಮಂಗಳಮ್ಮ ಹಾಸಿಗೆಯ ಪಕ್ಕದ ಸ್ಟೂಲಿನ ಮೇಲೆ ಕೂತಿರುತ್ತಿದ್ದರು. ಆಕೆಗೆ ಗಂಡನ ಕಾಯಿಲೆಯ ಜೊತೆ ಇನ್ನೊಂದು ಚಿಂತೆಯಿತ್ತು. ಅವರು ಓದುತ್ತಿದ್ದ ಸಂಧಿ ಅರ್ಧಕ್ಕೆ ನಿಂತಿತ್ತು.

ಆ ಕಾವ್ಯ ಅಚ್ಚಾದದ್ದಲ್ಲ. ಮರುಳಯ್ಯನವರ ತಾತ ಕೂಲಿಮಠದ ಅಯ್ಯನವರು. ತಮ್ಮ ಮನೆದೇವರ ಮೇಲೆ ಭಾಮಿನಿ ಷಟ್ಪದಿಯಲ್ಲಿ ಹದಿನೆಂಟು ಸಂಧಿ ಬರೆದಿಟ್ಟಿದ್ದರು. ಬಟ್ಟೆ ಸುತ್ತಿದ ಆ ಪುಸ್ತಕವನ್ನು ಬಿಚ್ಚದೆ, ಬಾಯಿಪಾಠದಲ್ಲೇ, ಎರಡು ಹೊತ್ತೂ ಪೂಜೆಯಾದ ಮೇಲೆ ಒಂದು ಗಳಿಗೆ ಓದುವುದು ಮನೆಯ ನೇಮ. ಓದಲು ಒಂದು ರೀತಿಯಿತ್ತು. ಓದುವವರು ಅರ್ಧ ಪದ್ಯಕ್ಕೊಮ್ಮೆ ಉಸಿರು ತೆಗೆದುಕೊಂಡಾಗ ಕೇಳುವವರು ಹೂಂ ಎನ್ನಬೇಕು. ಪದ್ಯದ ಕೊನೆಯ ಮಾತನ್ನು ಓದುವವರು ಹೇಳದೆ ಬಿಡುತ್ತಾರೆ, ಕೇಳುವವರು ಅದನ್ನು ತುಂಬಬೇಕು. ಕೇಳುವವರು ತೂಕಡಿಸದಿರಲೆಂದು ತಾತ ಮಾಡಿದ ಉಪಾಯ. ಮದುವೆಯಾಗಿ ಬಂದ ಹೊಸದರಲ್ಲಿ ಮಂಗಳಮ್ಮ ಎಷ್ಟೋ ಸಲ ತುಂಬಲಾರದೆ ಸಿಕ್ಕಿಬಿದ್ದಿದ್ದರು. ಈಗ ನಲವತ್ತೆರಡು ವರ್ಷವಾಗಿತ್ತು.

ಹಿಡಿದ ಸಂಧಿಯನ್ನು ನಡುವೆ ಬಿಡಬಾರದು. ನಾಲ್ಕನೆಯ ದಿನ ಮರುಳಯ್ಯನವರನ್ನು ಐಸಿಯುನಿಂದ ವಾರ್ಡಿಗೆ ತಂದಾಗ, ಮಂಗಳಮ್ಮ ಅವರ ಹಣೆಗೆ ವಿಭೂತಿ ಹಚ್ಚಿ, ತಾವೇ ಓದಲು ಶುರುಮಾಡಿದರು. ಬಲಗೈ ಸ್ವಾಧೀನವಿಲ್ಲದ್ದರಿಂದ ಎಡಗೈ ಹಿಡಿದು, ಅದರ ಮೇಲೆ ಮೆಲ್ಲಗೆ ತಾಳ ತಟ್ಟಿದರು. ಪದ್ಯದ ಕೊನೆಗೆ ಬಂದಾಗ, ರೂಢಿಯಂತೆ, ಕೊನೆಯ ಮಾತನ್ನು ಬಿಟ್ಟರು. ಬಿಟ್ಟ ಮೇಲೆ ಆಕೆಗೆ, ಅಯ್ಯೋ ಇವರು ಹೇಗೆ ತುಂಬುತ್ತಾರೆ ಎನ್ನಿಸಿತು. ತಾವೇ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಮರುಳಯ್ಯ ತುಂಬಿದರು. ನೀರು ಎನ್ನಲಾರದ ಮನುಷ್ಯ ನಾಲ್ಕಕ್ಷರದ ಹಳಗನ್ನಡದ ಮಾತೊಂದನ್ನು ರಾಗದ ಸಮೇತ ಹೇಳಿ, ತಾವೇ ಬೆರಗಾಗಿ ಹೆಂಡತಿಯ ಮುಖ ನೋಡಿದರು.

ವಾಕ್ ಚಿಕಿತ್ಸೆಯ ಜೆಸಿಂತಾ ಡಾಕ್ಟರು ವಾರಕ್ಕೆರಡು ದಿನ ಬರುತ್ತಿದ್ದರು. ಅವರಿಗೆ ನಲವತ್ತು ರೋಗಿಗಳು. ಇದನ್ನು ಕೇಳಿ ಅವರು ಆಶ್ಚರ್ಯಪಡಲಿಲ್ಲ. ಮಾತಿನ ಮನೆ ಮಿದುಳಿನ ಎಡಕ್ಕೆ, ರಾಗದ ಮನೆ ಹೆಚ್ಚಾಗಿ ಬಲಕ್ಕೆ; ಒಂದು ಬಾಗಿಲು ಮುಚ್ಚಿದಾಗ ಇನ್ನೊಂದು ಬಾಗಿಲಿನಿಂದ ಕರೆಯಬಹುದು ಎಂದು ವಿವರಿಸಿದರು. ಬಾಯಿಪಾಠದ್ದು ಬಂದರೆ ಸಾಲದು, ಇಪ್ಪತ್ತೊಂದು ದಿನದೊಳಗೆ ತಮ್ಮದೇ ಒಂದು ವಾಕ್ಯ ಆಡಬೇಕು ಎಂದೂ ಹೇಳಿದರು. ಅದು ವಿಮೆಯವರ ನಿಯಮ. ಚಿಕಿತ್ಸೆ ನಡೆಯುತ್ತಿರುವ ದಾಖಲೆ ಇರಬೇಕು, ಯಾರೂ ಹೇಳಿಕೊಡದ ವಾಕ್ಯ ಒಂದಾದರೂ ಬಂದಿರಬೇಕು. ಎರಡೂ ಇದ್ದರೆ ಇನ್ನೂ ನಾಲ್ಕು ವಾರ ಹಾಸಿಗೆ, ವ್ಯಾಯಾಮ, ಚಿಕಿತ್ಸೆ ಎಲ್ಲ ವಿಮೆಯದೇ. ಇಲ್ಲದಿದ್ದರೆ ಇಪ್ಪತ್ತೆರಡನೆಯ ದಿನ ಮನೆಗೆ. ಅಲ್ಲಿಯವರೆಗಿನ ವಾಕ್ ಚಿಕಿತ್ಸೆಗೆ ಮಾತ್ರ ಕೈಯಿಂದಲೇ ಕಟ್ಟಬೇಕು. ಮೊದಲ ಕೆಲವು ತಿಂಗಳಲ್ಲಿ ಬಾರದ ಮಾತು ಆಮೇಲೆ ಬರುವುದು ಬಹಳ ಕಷ್ಟ ಎಂದು ಡಾಕ್ಟರು ಮೆಲ್ಲಗೆ ಸೇರಿಸಿದರು.

ಮಂಗಳಮ್ಮ ಬೆಳಿಗ್ಗೆ ಒಂದು ಗಳಿಗೆ, ಸಂಜೆ ದೀಪ ಹಚ್ಚುವ ಹೊತ್ತಿಗೆ ಒಂದು ಗಳಿಗೆ ಓದಿದರು. ಅಂದರೆ ಇಪ್ಪತ್ನಾಲ್ಕು ನಿಮಿಷ. ಪಕ್ಕದ ಹದಿನೈದನೆಯ ಹಾಸಿಗೆಯಲ್ಲಿ ದೊಡ್ಡೀರಪ್ಪ ಎಂಬ ಮುದುಕ. ಶಿರಾ ಕಡೆಯವನು, ಕುರಿ ಕಾಯುತ್ತಾ ಬಂಡೆಯಿಂದ ಬಿದ್ದು ಸೊಂಟ ಮುರಿದುಕೊಂಡಿದ್ದ. ಹೂಂಗುಟ್ಟದೆ ಕಥೆ ಕೇಳಿದರೆ ಹೇಳುವವರಿಗೆ ಅವಮಾನ ಎಂದು ನಂಬಿದ ಕಾಲದವನು. ಎರಡನೆಯ ದಿನದ ಸಂಜೆಯಿಂದ ಅವನೂ ಅರ್ಧ ಪದ್ಯಕ್ಕೊಮ್ಮೆ, ಮಲಗಿದಲ್ಲಿಂದಲೇ, ಹೂಂ ಎನ್ನತೊಡಗಿದ. ಇನ್ನೊಂದು ಪಕ್ಕದ ಹಾಸಿಗೆಯವನು ಗೊರಕೆ ಹೊಡೆಯುತ್ತಿದ್ದ. ಗೊರಕೆಗೆ ಶುಲ್ಕವಿರಲಿಲ್ಲ.

ಒಂಬತ್ತನೆಯ ದಿನ ಮಧ್ಯಂತರ ಬಿಲ್ಲು ಬಂತು. ಆರು ಪುಟ. ಮಂಗಳಮ್ಮ ಕನ್ನಡಕ ಹಾಕಿಕೊಂಡು ಒಂದೊಂದೇ ಸಾಲು ಓದಿದರು. ನಾಲ್ಕನೆಯ ಪುಟದಲ್ಲಿ ಹೀಗಿತ್ತು: ಸ್ವರಾಧಾರಿತ ವಾಕ್ ಪುನಶ್ಚೇತನ, ವೈಯಕ್ತಿಕ, 11 ಬಾರಿ, ತಲಾ ರೂ. 2,150. ಹನ್ನೊಂದು ಬಾರಿ ಯಾರು ಬಂದರು ಎಂದು ಅವರು ಬೆರಳು ಮಡಿಚಿ ಎಣಿಸಿದರು. ಜೆಸಿಂತಾ ಡಾಕ್ಟರು ಬಂದದ್ದು ಎರಡು ಸಲ, ಅದು ಬೇರೆ ಸಾಲಿನಲ್ಲಿತ್ತು. ಕೌಂಟರಿಗೆ ಹೋಗಿ ಕೇಳಿದರು. ಕೌಂಟರಿನ ಹುಡುಗಿ ಕಂಪ್ಯೂಟರಿನ ತೆರೆ ನೋಡಿ, ದಿನಕ್ಕೆರಡು, ಇಪ್ಪತ್ನಾಲ್ಕು ನಿಮಿಷದ್ದು, ಇಪ್ಪತ್ತು ದಾಟಿದರೆ ಪೂರ್ತಿ ಶುಲ್ಕ ಎಂದಳು. ಆಗ ಮಂಗಳಮ್ಮನವರಿಗೆ ಹೊಳೆಯಿತು. ಕಿವಿ ಬಿಲ್ಲು ಹಾಕಿದ್ದು ತಮ್ಮ ಓದಿಗೆ. ಅದನ್ನು ಹೇಳಿದರೆ ಹುಡುಗಿಗೆ ತಿಳಿಯಲಿಲ್ಲ. ನಾಲ್ಕನೆಯ ಮಹಡಿಗೆ ಆಕ್ಷೇಪಣೆ ಕಳಿಸಿ, ಅವರು ಕರೆಯುತ್ತಾರೆ ಎಂದಳು. ಮಂಗಳಮ್ಮ ಅಲ್ಲೇ ನಿಂತು ಆಕ್ಷೇಪಣೆ ಬರೆಸಿದರು.

ವಾಪಸು ಬಂದರೆ ಹದಿನೈದನೆಯ ಹಾಸಿಗೆಯ ಬಳಿ ದೊಡ್ಡೀರಪ್ಪನ ಮಗ ಕಾಂತರಾಜು ನಿಂತಿದ್ದ. ಟೈರು ಪಂಕ್ಚರ್ ಅಂಗಡಿ ಇಟ್ಟುಕೊಂಡವನು. ಅವನ ಕೈಯಲ್ಲೂ ಬಿಲ್ಲಿತ್ತು. ವಾಕ್ ಪುನಶ್ಚೇತನ, ಸಾಮೂಹಿಕ, 8 ಬಾರಿ, ತಲಾ ರೂ. 640.

"ನೋಡ್ರಮ್ಮ, ಸೊಂಟ ಮುರಿದೋರಿಗೆ ಮಾತು ಕಲಿಸಿದ್ದಕ್ಕೆ ಬಿಲ್ ಹಾಕವ್ರೆ," ಎಂದ. "ನಮ್ಮಪ್ಪಂಗೆ ಮೊದ್ಲೇ ಮಾತು ಜಾಸ್ತಿ. ಕಮ್ಮಿ ಮಾಡೋ ಇಂಜೆಕ್ಷನ್ ಇದ್ರೆ ಹೇಳಿ, ಅದಕ್ಕಾದ್ರೆ ಖುಷಿಯಾಗಿ ಕೊಡ್ತೀನಿ."

ದೊಡ್ಡೀರಪ್ಪ ಗೋಡೆಯ ಕಡೆ ಮುಖ ತಿರುಗಿಸಿಕೊಂಡಿದ್ದ. ಕಾಂತರಾಜು ಮೊದಲು ನಗುತ್ತಲೇ ಮಾತಾಡಿದ. ಆಮೇಲೆ, ತನಗೆ ವಿಮೆ ಇಲ್ಲ, ಬಿಲ್ಲನ್ನೆಲ್ಲ ಕೈಯಿಂದಲೇ ಕಟ್ಟಬೇಕು, ಅಂಗಡಿಯ ಗಾಳಿ ಯಂತ್ರವನ್ನು ಆಗಲೇ ಅಡವಿಟ್ಟಾಗಿದೆ ಎಂದು ತಗ್ಗಿದ ದನಿಯಲ್ಲಿ ಹೇಳಿದ. ಓದಬೇಡಿ ಎಂದು ಅವನು ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ.

ಆ ಸಂಜೆ ಮಂಗಳಮ್ಮ ಓದಲಿಲ್ಲ. ವಿಭೂತಿ ಹಚ್ಚಿ, ಕೈ ಮುಗಿದು, ಮನಸ್ಸಿನಲ್ಲೇ ಓದಿಕೊಂಡರು. ಮರುಳಯ್ಯ ಎಡಗೈಯನ್ನು ಮುಂದಕ್ಕೆ ಚಾಚಿ ಕಾದರು. ಆಕೆ ಹಿಡಿದುಕೊಂಡರು, ತಟ್ಟಲಿಲ್ಲ. ಸ್ವಲ್ಪ ಹೊತ್ತು ನೋಡಿ ಅವರು ತಾವೇ ಮಂಚದ ಕಂಬಿಯ ಮೇಲೆ ಬೆರಳು ಬಡಿಯತೊಡಗಿದರು. ಆಕ್ಷೇಪಣೆ ಹಾಕಿದ ಮೇಲೆ ದಿನಾ ಬರತೊಡಗಿದ್ದ ಲೆಕ್ಕದ ಚೀಟಿಯಲ್ಲಿ ಮರುದಿನ ಕಿವಿ ಅದನ್ನೂ ಬರೆದಿತ್ತು. ಸ್ವಯಂ ಅಭ್ಯಾಸ, 1 ಬಾರಿ, ಶುಲ್ಕವಿಲ್ಲ. ಹನ್ನೊಂದನೆಯ ದಿನ ಬೆರಳು ಬಡಿಯುವುದೂ ನಿಂತಿತು. ಹದಿಮೂರನೆಯ ದಿನ ಜೆಸಿಂತಾ ಡಾಕ್ಟರು ಬಂದು ಹಾಡಿಸಲು ನೋಡಿದರು. ಮರುಳಯ್ಯ ತುಟಿ ಬಿಗಿದು ಕಿಟಕಿಯ ಕಡೆ ನೋಡಿದರು. ಬಂದದ್ದೂ ಹೋಗುತ್ತಾ ಇದೆ, ಏನಾಯಿತು ಎಂದು ಡಾಕ್ಟರು ಕೇಳಿದರು. ಮಂಗಳಮ್ಮ ಕಿವಿಯ ಕಡೆ ನೋಡಿದರು. ಅದರ ಎದುರು ದುಡ್ಡಿನ ಮಾತಾಡಲು ಆಕೆಗೆ ಹೆದರಿಕೆ.

ನಾಲ್ಕನೆಯ ಮಹಡಿಯ ಆಕ್ಷೇಪಣಾ ಕೋಣೆಯಲ್ಲಿ ತಬಸ್ಸುಮ್ ಒಬ್ಬಳೇ ಕೂರುತ್ತಿದ್ದಳು. ಹಿಂದೆ ಅವಳು ಕೈಯಿಂದ ಬಿಲ್ಲು ಬರೆಯುವ ಗುಮಾಸ್ತೆ. ಕಾನೂನು ಬಂದ ಮೇಲೆ ಹದಿನಾಲ್ಕು ಜನರಲ್ಲಿ ಅವಳೊಬ್ಬಳನ್ನು ಉಳಿಸಿಕೊಂಡಿದ್ದರು. ಅವಳ ತೆರೆಯ ಮೇಲೆ ಮಾತುಗಳಿರುತ್ತಿರಲಿಲ್ಲ. ಗೆರೆಗಳಿರುತ್ತಿದ್ದವು. ಉದ್ದ ಗೆರೆ, ಗಿಡ್ಡ ಗೆರೆ, ನಡುವೆ ಖಾಲಿ. ಸಾಮಾನ್ಯವಾಗಿ ಐದು ನಿಮಿಷಕ್ಕೊಂದು ಆಕ್ಷೇಪಣೆ ತೀರಿಸುತ್ತಿದ್ದಳು. ಹದಿನಾಲ್ಕನೆಯ ಹಾಸಿಗೆಯದನ್ನು ಮೂರು ದಿನದಿಂದ ಪಕ್ಕಕ್ಕಿಟ್ಟಿದ್ದಳು.

ವಾಕ್ ಚಿಕಿತ್ಸೆಯ ಗೆರೆಗಳನ್ನು ಅವಳು ನೂರಾರು ನೋಡಿದ್ದಳು. ಅವು ತುಂಡುತುಂಡು. ಡಾಕ್ಟರು ಒಂದು ಮಾತು, ರೋಗಿ ಒಂದು ಮಾತು, ಮತ್ತೆ ಅದೇ. ಇದು ಹಾಗಿರಲಿಲ್ಲ. ಮೂರು, ನಾಲ್ಕು, ಮೂರು, ನಾಲ್ಕು ಎಂದು ಹೆಜ್ಜೆ ಹಾಕಿಕೊಂಡು ಹೋಗುತ್ತಿತ್ತು. ಪ್ರತಿ ಮೂರನೆಯ ಸಾಲು ಉದ್ದ. ಕೊನೆಯಲ್ಲೊಂದು ಖಾಲಿ, ಆ ಖಾಲಿಯಲ್ಲಿ ಇನ್ನೊಬ್ಬರ ದನಿ. ಅಷ್ಟು ದೂರದಲ್ಲಿ ಮೂರನೆಯವರದು ಒಂದು ಚಿಕ್ಕ ಗೆರೆ, ತಪ್ಪದೆ. ಚಿಕಿತ್ಸೆಯ ಅಚ್ಚಿಗೆ ಇದು ನೂರಕ್ಕೆ ತೊಂಬತ್ತೊಂದರಷ್ಟು ಹೊಂದುತ್ತದೆ ಎಂದು ಯಂತ್ರ ಹೇಳಿತ್ತು. ಅದರ ಲೆಕ್ಕ ತಪ್ಪಿರಲಿಲ್ಲ.

ಆ ಸಂಜೆ ಅವಳು ಮನೆಗೆ ಹೋದಾಗ ನಡುಮನೆಯಲ್ಲಿ ಅವಳ ಅಮ್ಮಿ ಏಳು ವರ್ಷದ ಮೊಮ್ಮಗಳನ್ನು ಎದುರಿಗೆ ಕೂರಿಸಿಕೊಂಡು ಅರಬ್ಬಿ ಪಾಠ ಓದಿಸುತ್ತಿದ್ದರು. ಅಮ್ಮಿ ಒಂದು ಸಾಲು ಹೇಳಿ, ಕೊನೆಗೆ ತಡೆದು, ಮಗುವಿನ ಮೊಣಕಾಲಿನ ಮೇಲೆ ಬೆರಳು ತಟ್ಟುತ್ತಿದ್ದರು. ಮಗು ಅಲ್ಲಿಂದ ಎತ್ತಿಕೊಂಡು ಮುಗಿಸುತ್ತಿತ್ತು. ತಬಸ್ಸುಮ್ ಚಪ್ಪಲಿ ಬಿಡುವುದನ್ನು ಮರೆತು ಹೊಸ್ತಿಲಲ್ಲೇ ನಿಂತಳು. ಅವಳೂ ಹೀಗೇ ಕಲಿತವಳು. ಕಣ್ಣು ಮುಚ್ಚಿ, ಅರ್ಥ ಬಿಟ್ಟು, ಬರಿಯ ಎಳೆತ ಮತ್ತು ನಿಲುಗಡೆಯನ್ನು ಕೇಳಿದಳು. ಮೂರು ದಿನದಿಂದ ನೋಡುತ್ತಿದ್ದ ಗೆರೆಗಳು ಏನೆಂದು ತಿಳಿಯಿತು. ಅಲ್ಲಿ ಯಾರೋ ಪಾರಾಯಣ ಮಾಡುತ್ತಿದ್ದಾರೆ.

ಮರುದಿನ, ಹದಿನಾಲ್ಕನೆಯ ದಿನ, ಅವಳು ಮಂಗಳಮ್ಮನವರನ್ನು ಕರೆಸಿದಳು. ಕುರ್ಚಿ ಕೊಟ್ಟು, ಏನು ಓದುತ್ತೀರಿ ಎಂದು ಕೇಳಿದಳು. ಬಿಲ್ಲಿನ ಕೋಣೆಯಲ್ಲಿ ಇಂಥ ಪ್ರಶ್ನೆಯನ್ನು ಮಂಗಳಮ್ಮ ನಿರೀಕ್ಷಿಸಿರಲಿಲ್ಲ. ತಾತನ ಕಾವ್ಯದಿಂದ ಹಿಡಿದು ದೊಡ್ಡೀರಪ್ಪನ ಹೂಂಕಾರದವರೆಗೆ ಎಲ್ಲ ಹೇಳಿದರು. ತಬಸ್ಸುಮ್ ನಡುವೆ ಬಾಯಿ ಹಾಕದೆ ಕೇಳಿ, ಒಂದು ನಮೂನೆಯನ್ನು ಮುಂದಿಟ್ಟಳು.

"ಅಮ್ಮ, ಈ ಚಿಕಿತ್ಸೆ ನಡೆದಿಲ್ಲ ಅಂತ ಇಲ್ಲಿ ಸೈನ್ ಮಾಡಿದ್ರೆ ಹನ್ನೊಂದೂ ಹೊರಟೋಗುತ್ತೆ. ಪಕ್ಕದವರ ಎಂಟೂ ಹೋಗುತ್ತೆ. ಆದ್ರೆ ಆಮೇಲೆ ಆಗೋದನ್ನೂ ಕೇಳಿಬಿಡಿ."

ಆಮೇಲೆ ಆಗುವುದು ಇಷ್ಟು. ಮರುಳಯ್ಯನವರು ಮಾತು ತುಂಬಿದ್ದು ದಾಖಲೆಯಲ್ಲಿ ಉಳಿಯುತ್ತದೆ, ಚಿಕಿತ್ಸೆ ಅಳಿಸಿಹೋಗುತ್ತದೆ. ಚಿಕಿತ್ಸೆಯಿಲ್ಲದೆ ಚೇತರಿಸಿಕೊಂಡರು ಎಂದಾದರೆ ಆಸ್ಪತ್ರೆಯ ಹಾಸಿಗೆ ಬೇಡ ಎಂದಾಯಿತು. ಇಪ್ಪತ್ತೆರಡನೆಯ ದಿನ ಮನೆಗೆ ಕಳಿಸುತ್ತಾರೆ. ನಡೆದಿದೆ ಎಂದು ಸೈನ್ ಮಾಡಿದರೆ ಹಾಸಿಗೆಯ ದಾರಿ ತೆರೆದಿರುತ್ತದೆ, ಆದರೆ ಚಿಕಿತ್ಸೆ ಆಸ್ಪತ್ರೆಯದು ಎಂದು ಒಪ್ಪಿದಂತೆ. ಮುಂದೆ ಓದಿದ ಪ್ರತಿ ಗಳಿಗೆಗೂ ಎರಡು ಸಾವಿರದ ನೂರೈವತ್ತು, ಕೇಳಿದವರಿಗೆಲ್ಲ ಆರುನೂರ ನಲವತ್ತು.

ಮಂಗಳಮ್ಮ ಪೆನ್ನನ್ನು ಮುಟ್ಟಲಿಲ್ಲ. "ನಡೆದಿದ್ದನ್ನ ನಡೆದಿಲ್ಲ ಅಂತ ಹೆಂಗೆ ಬರ್ಕೊಡ್ಲಿ ತಾಯಿ? ದೇವರ ಹೆಸರಿಟ್ಟು ಓದಿರೋದು," ಎಂದರು. ನಮೂನೆಯನ್ನು ಅತ್ತ ಸರಿಸಿ, "ಹಂಗಂತ ಇವರು ಮಾಡಿದ್ದು ಅಂತಾನೂ ಬರೆಯಕ್ಕಾಗಲ್ಲ. ಅದು ನಮ್ಮನೇದು," ಎಂದರು.

ತಬಸ್ಸುಮ್ ನಮೂನೆಯನ್ನು ಹಿಂದಕ್ಕೆ ತೆಗೆದುಕೊಂಡಳು. ನಮ್ಮನೆಯದು ಎಂಬ ಮಾತು ಅವಳನ್ನು ಹಳೆಯ ಗುಮಾಸ್ತೆಯ ದಿನಗಳಿಗೆ ಕರೆದುಕೊಂಡು ಹೋಯಿತು. ಸಕ್ಕರೆ ಕಾಯಿಲೆಯವರು ತಮ್ಮ ಇನ್ಸುಲಿನ್ನನ್ನು ಮನೆಯಿಂದಲೇ ತಂದಾಗ ಒಂದು ಕಾಲಂ ಇರುತ್ತಿತ್ತು. ಔಷಧ ಕೊಟ್ಟದ್ದು ದಾಖಲಾಗುತ್ತದೆ, ಬೆಲೆ ಬೀಳುವುದಿಲ್ಲ. ಅವಳು ಹದಿನಾಲ್ಕನೆಯ ಹಾಸಿಗೆಯ ದಾಖಲಾತಿ ಪುಟ ತೆರೆದಳು. ಕಾಲಂ ಇನ್ನೂ ಇತ್ತು. ರೋಗಿಯ ಕಡೆಯವರು ಮನೆಯಿಂದ ತಂದದ್ದು: ಕಂಬಳಿ ಒಂದು, ಫ್ಲಾಸ್ಕ್ ಒಂದು.

ಆದರೆ ಆ ಕಾಲಮಿಗೆ ಒಂದು ಷರತ್ತಿತ್ತು. ಆಸ್ಪತ್ರೆಗೆ ಬರುವ ಮುಂಚೆಯೇ ಅದು ರೋಗಿಯದಾಗಿತ್ತು ಎಂಬುದಕ್ಕೆ ಪುರಾವೆ ಬೇಕು. ಔಷಧಕ್ಕಾದರೆ ಅಂಗಡಿಯ ರಸೀದಿ. ಮನೆಯಲ್ಲಿ ಪುಸ್ತಕವಿದೆ, ತರುತ್ತೇನೆ ಎಂದು ಮಂಗಳಮ್ಮ ಎದ್ದರು. ಅಕ್ಷರವನ್ನೇ ಇಟ್ಟುಕೊಳ್ಳದ ಯಂತ್ರಕ್ಕೆ ಪುಸ್ತಕ ತೋರಿಸಿ ಪ್ರಯೋಜನವಿರಲಿಲ್ಲ. ತಬಸ್ಸುಮ್ ಯೋಚಿಸಿ ಒಂದು ದಾರಿ ಹೇಳಿದಳು. ಎರಡು ಪದ್ಯದ ಮಟ್ಟು ಒಂದೇ ಆದರೂ ಒಳಗಿನ ಉದ್ದ ಗಿಡ್ಡಗಳು ಒಂದೇ ಇರುವುದಿಲ್ಲ. ಈ ವಾರ್ಡಿನಲ್ಲಿ ಒಮ್ಮೆಯೂ ಓದದ ಪದ್ಯವನ್ನು ಓದಬೇಕು. ಅದು ಹೊಸದು ಎಂದು ಕಿವಿಗೆ ಗೊತ್ತಾಗುತ್ತದೆ. ಅದರ ಕೊನೆಯನ್ನು ಮರುಳಯ್ಯನವರು ತುಂಬಿದರೆ, ಅದು ಅವರಿಗೆ ಮೊದಲಿನಿಂದ ಬರುತ್ತಿತ್ತು ಎಂದು ಯಂತ್ರವೇ ಒಪ್ಪಬೇಕಾಗುತ್ತದೆ.

"ತುಂಬದೇ ಇದ್ರೆ?" ಎಂದು ಮಂಗಳಮ್ಮ ಕೇಳಿದರು.

ಆಗ ಹನ್ನೊಂದು ಹನ್ನೆರಡಾಗುತ್ತದೆ ಎಂದು ತಬಸ್ಸುಮ್ ಇದ್ದದ್ದನ್ನು ಹೇಳಿದಳು.

ಮೂರು ಗಂಟೆಯ ಹೊತ್ತಿಗೆ ಇಬ್ಬರೂ ವಾರ್ಡಿಗೆ ಬಂದರು. ಆರು ವರ್ಷದಲ್ಲಿ ತಬಸ್ಸುಮ್ ವಾರ್ಡಿಗೆ ಬಂದದ್ದು ಅದೇ ಮೊದಲು. ಕಾಂತರಾಜು ಅಪ್ಪನಿಗೆ ಮೂಸಂಬಿ ಸುಲಿದು ಕೊಡುತ್ತಿದ್ದ. ವಿಷಯ ತಿಳಿದು ಅವನು ತಂದೆಯ ಕಿವಿಯಲ್ಲಿ ಬಗ್ಗಿ ಏನೋ ಹೇಳಿದ. ಮುದುಕ ತಲೆಯಾಡಿಸಿ, ಬಾಯಿಗೆ ಒಂದು ತೊಳೆ ಹಾಕಿಕೊಂಡು, ತುಟಿ ಮುಚ್ಚಿಕೊಂಡ.

ಮಂಗಳಮ್ಮ ಕೈಕಾಲು ತೊಳೆದು ಬಂದು, ಗಂಡನ ಹಣೆಗೆ ವಿಭೂತಿ ಹಚ್ಚಿದರು. ಎಡಗೈ ಹಿಡಿದುಕೊಂಡರು. ಐದು ದಿನದ ಮೇಲೆ ಮೊದಲ ಸಲ ಅದರ ಮೇಲೆ ತಾಳ ತಟ್ಟಿದರು. ಅರ್ಧಕ್ಕೆ ನಿಂತಿದ್ದ ಹನ್ನೊಂದನೆಯ ಸಂಧಿಯನ್ನು ಬಿಟ್ಟು, ಹದಿನಾರನೆಯದರ ಒಂದು ಪದ್ಯ ಎತ್ತಿದರು. ಭಕ್ತರ ದೋಣಿ ತುಂಬಿದ ಹೊಳೆಯಲ್ಲಿ ಅಂಬಿಗನಿಲ್ಲದೆ ನಿಂತುಬಿಡುವ ಸಂದರ್ಭ.

ಹೊಳೆಯ ನಡುವಲಿ ನಿಂತ ದೋಣಿಯ
ಗಳೆಯ ಹಿಡಿಯುವ ಕೈಯ ಕಾಣದೆ
ಬಳಲಿದವರಿಗೆ ದೂರ ತೀರದ ದನಿಯು

ಅಲ್ಲಿಗೆ ಬಿಟ್ಟರು. ಮೊದಲರ್ಧದ ಕೊನೆಯಲ್ಲೇ ಬಿಟ್ಟದ್ದು, ಹೆಚ್ಚು ದೂರ ಎಳೆದು ಅವರನ್ನು ದಣಿಸಬಾರದೆಂದು. ಕಿವಿಯ ಮೇಲಿನ ನೀಲಿ ದೀಪ ಹೊತ್ತಿಕೊಂಡಿತ್ತು. ಮರುಳಯ್ಯ ಹೆಂಡತಿಯ ಬಾಯನ್ನೇ ನೋಡುತ್ತಿದ್ದರು. ತುಟಿ ಒಂದಿಷ್ಟು ತೆರೆಯಿತು. ಏನೂ ಬರಲಿಲ್ಲ. ಮಂಗಳಮ್ಮ ಮತ್ತೆ ತಟ್ಟಿದರು. ಮತ್ತೆ ಅದೇ ಸಾಲು ಹೇಳಿದರು. ತಬಸ್ಸುಮ್ ತನ್ನ ಕೈಯ ಪುಟ್ಟ ತೆರೆಯಲ್ಲಿ ಗೆರೆಗಳು ಓಡಿ, ನಿಂತು, ಖಾಲಿ ಉದ್ದವಾಗುವುದನ್ನು ನೋಡಿದಳು. ಖಾಲಿ ಹನ್ನೆರಡು ಸೆಕೆಂಡು ದಾಟಿದರೆ ಯಂತ್ರ ಆ ಸಾಲನ್ನು ಮುಚ್ಚುತ್ತದೆ. ಏಳಾಯಿತು. ಎಂಟಾಯಿತು.

"ಹೂಂ," ಎಂದ ದೊಡ್ಡೀರಪ್ಪ.

ಕಾಂತರಾಜು ಅಪ್ಪನ ಕಡೆ ತಿರುಗಿದ. ಮುದುಕ ಮೂಸಂಬಿಯನ್ನು ನುಂಗಿ, ಮಗನನ್ನು ನೋಡದೆ, ಸೂರು ನೋಡಿಕೊಂಡು ಇನ್ನೊಮ್ಮೆ, ಈ ಸಲ ದೊಡ್ಡದಾಗಿ, ಹೂಂ ಎಂದ. ಕೇಳುವವರು ಎದ್ದಿದ್ದಾರೆ, ಮುಂದೆ ಹೇಳಿ ಎನ್ನುವ ಹಾಗೆ.

ಮರುಳಯ್ಯನವರ ಎಡಗೈ ಬೆರಳು ಹೆಂಡತಿಯ ಅಂಗೈಯಲ್ಲಿ ಅಲುಗಿತು. "ಕೇಳಿಸಿತು," ಎಂದರು. ರಾಗದಲ್ಲಿ, ಕೊನೆಯನ್ನು ಸರಿಯಾದ ಉದ್ದಕ್ಕೆ ಎಳೆದು.

ತಬಸ್ಸುಮ್‌ಳ ತೆರೆಯ ಮೇಲೆ, ಹಿಂದೆ ದಾಖಲಾಗದ ಅಚ್ಚು, ರೋಗಿಯಿಂದ ಪೂರ್ಣ ಎಂಬ ಸಾಲು ಬಂತು. ಅವಳು ಹೆಬ್ಬೆರಳು ಒತ್ತಿ ಅದನ್ನು ಪುರಾವೆಗೆ ಸೇರಿಸಿದಳು. ಮಂಗಳಮ್ಮ ಆಗಲೇ ಮುಂದಿನ ಅರ್ಧಕ್ಕೆ ಹೋಗಿದ್ದರು. ಕಾಂತರಾಜು ತಲೆಯ ಮೇಲಿನ ಯಂತ್ರವನ್ನು ನೋಡಿ, "ಬರ್ಕೊಳ್ಳಲಿ ಬಿಡಿ ಅತ್ಲಾಗೆ," ಎಂದು ಸಿಪ್ಪೆಗಳನ್ನು ಎತ್ತಿಕೊಂಡು ಹೊರಗೆ ಹೋದ.

ಹದಿನಾರನೆಯ ದಿನ ತಿದ್ದುಪಡಿಯಾದ ಬಿಲ್ಲು ಬಂತು. ಈ ಸಲ ಐದು ಪುಟ. ಹನ್ನೊಂದು ಬಾರಿಯ ಸಾಲು ಇದ್ದ ಜಾಗದಲ್ಲಿರಲಿಲ್ಲ. ಕೊನೆಯ ಪುಟದ ಕೆಳಗೆ ಹೀಗಿತ್ತು. ರೋಗಿಯ ಕಡೆಯವರು ಮನೆಯಿಂದ ತಂದದ್ದು: ಕಂಬಳಿ 1, ಫ್ಲಾಸ್ಕ್ 1, ಸ್ವರಾಧಾರಿತ ವಾಕ್ ಪುನಶ್ಚೇತನ, ಮುಂದುವರಿದಿದೆ. ಶುಲ್ಕವಿಲ್ಲ. ಮಂಗಳಮ್ಮ ಆ ಸಾಲನ್ನು ಎರಡು ಸಲ ಓದಿ, ಕಂಬಳಿಯನ್ನು ಗಂಡನ ಕಾಲಿನ ಮೇಲೆ ಸರಿಮಾಡಿದರು.

ದೊಡ್ಡೀರಪ್ಪನ ಬಿಲ್ಲಿನಿಂದಲೂ ಎಂಟು ಬಾರಿ ಹೋಗಿತ್ತು. ಒಂದು ಮಾತ್ರ ಹೊಸದಾಗಿ ಬಂದಿತ್ತು. ಹದಿನಾಲ್ಕನೆಯ ದಿನದ್ದು. ಅವತ್ತು ಆಸ್ಪತ್ರೆಯ ನೌಕರರೊಬ್ಬರು ಹಾಜರಿದ್ದರಿಂದ ಅದು ಆಸ್ಪತ್ರೆ ನಡೆಸಿದ ಪರೀಕ್ಷೆ. ಆಕ್ಷೇಪಣೆ ಹಾಕಿ ಗೆದ್ದವರಿಗೆ ಅದು ಉಚಿತ. ಪಕ್ಕದ ಹಾಸಿಗೆಯವರು ಆಕ್ಷೇಪಣೆ ಹಾಕಿರಲಿಲ್ಲ. ಪಾಲ್ಗೊಂಡದ್ದಕ್ಕೆ ರೂ. 640. ತಬಸ್ಸುಮ್ ತಾನೇ ಕೆಳಗೆ ಬಂದು, ಇದನ್ನು ತೆಗೆಸಲು ಇನ್ನೊಂದು ಅರ್ಜಿ ಹಾಕಬೇಕು, ಮೂರು ವಾರ ಹಿಡಿಯುತ್ತದೆ, ತನ್ನಿಂದಾದದ್ದು ಎಂದು ಸಂಕೋಚದಿಂದ ಹೇಳಿ ಹೋದಳು. ಕಾಂತರಾಜು ಅರ್ಜಿ ಬೇಡ ಎಂದ. ಒಂದು ಹೂಂಗೆ ಆರುನೂರ ನಲವತ್ತು, ಎರಡನೆಯದು ಫ್ರೀ ಬಂದಿದೆ ಎಂದು ಅಪ್ಪನನ್ನು ಛೇಡಿಸಿದ. ಮುದುಕ, ಅಷ್ಟು ಬೆಲೆ ಬಾಳುವ ಮಾತನ್ನು ನೀನು ಜನ್ಮದಲ್ಲಿ ಆಡಿಲ್ಲ ಎಂದ.

ಸಂಜೆಯ ಓದು ಮುಗಿದ ಮೇಲೆ ಮಂಗಳಮ್ಮ ಚೀಲದೊಳಗಿನ ಚೀಲ ತೆಗೆದು, ಐನೂರರದೊಂದು ಇನ್ನೂರರದೊಂದು ನೋಟು ಹಿಡಿದುಕೊಂಡು ಕಾಂತರಾಜುವಿನ ಬಳಿ ಹೋದರು. ಅವನು ಕೈ ಹಿಂದಕ್ಕೆ ಕಟ್ಟಿಕೊಂಡ. ಆಕೆ ಬಿಡಲಿಲ್ಲ. ನಮ್ಮ ಓದಿಗೆ ಹೂಂ ಅಂದವರು ಕೈಯಿಂದ ಕಳೆದುಕೊಳ್ಳಬಾರದು, ನನ್ನ ಮನಸ್ಸಿಗೆ ಆಗಿಬರುವುದಿಲ್ಲ ಎಂದರು. ಹಾಗೂ ಹೀಗೂ ಎಳೆದಾಡಿ ಕೊನೆಗೆ ಅವನು ತೆಗೆದುಕೊಂಡ. ಆಮೇಲೆ ಅರವತ್ತು ರೂಪಾಯಿ ಹಿಂದೆ ಕೊಡಲು ಜೇಬು ತಡಕಿದ. ನೋಟು ಇಟ್ಟುಕೊಳ್ಳುವ ಅಭ್ಯಾಸ ಅವನ ವಯಸ್ಸಿನವರಿಗೆ ತಪ್ಪಿಹೋಗಿತ್ತು. ಷರ್ಟಿನ ಜೇಬು, ಪ್ಯಾಂಟಿನ ಜೇಬು, ಅಪ್ಪನ ದಿಂಬಿನ ಅಡಿ, ಎಲ್ಲ ನೋಡಿದ. ಇರಲಿ ಬಿಡಪ್ಪ ಎಂದು ಮಂಗಳಮ್ಮ ಹೇಳುತ್ತಿದ್ದರು.

"ಚಿಲ್ರೆ..."

ಎಲ್ಲರೂ ತಿರುಗಿದರು. ಮರುಳಯ್ಯ ದಿಂಬಿನಿಂದ ತಲೆಯೆತ್ತಿದ್ದರು. ಎಡಗೈಯ ಎರಡು ಬೆರಳು ಮುಂದಕ್ಕೆ ಚಾಚಿದ್ದವು, ನಡುವೆ ಟಿಕೆಟ್ಟು ಹಿಡಿದವರ ಹಾಗೆ. ಕುತ್ತಿಗೆಯ ನರ ಉಬ್ಬಿತ್ತು. ಯಾರೂ ತಾಳ ತಟ್ಟುತ್ತಿರಲಿಲ್ಲ. ಯಾರೂ ಮೊದಲ ಮಾತನ್ನು ಎತ್ತಿಕೊಟ್ಟಿರಲಿಲ್ಲ. ದೊಡ್ಡೀರಪ್ಪ ಅಭ್ಯಾಸಬಲದಿಂದ ಹೂಂ ಎನ್ನಲು ಹೋಗಿ ತಡೆದುಕೊಂಡ.

"ಚಿಲ್ರೆ... ಇಳಿಯೋವಾಗ... ಇಸ್ಕೊಳ್ಳಿ," ಎಂದರು ಮರುಳಯ್ಯ. ರಾಗವಿಲ್ಲದೆ, ತಮ್ಮದೇ ಒರಟು ದನಿಯಲ್ಲಿ.

ಮಂಗಳಮ್ಮ ಮಂಚದ ಕಂಬಿ ಹಿಡಿದುಕೊಂಡು ಕೂತರು. ಕಾಂತರಾಜು ಜೇಬಿನಿಂದ ಕೈ ತೆಗೆದು, ಆಗಲಿ ಸಾರ್ ಎಂದ.

ತಲೆಯ ಮೇಲೆ ಕಿವಿಯ ನೀಲಿ ದೀಪ ಒಮ್ಮೆ ಮಿನುಗಿತು. ಮರುದಿನದ ಚೀಟಿಯಲ್ಲಿ, ಊಟದ ಸಾಲಿಗೂ ಹಾಸಿಗೆ ಬಟ್ಟೆಯ ಸಾಲಿಗೂ ನಡುವೆ, ಸ್ವಂತ ವಾಕ್ಯ: 1, ಶುಲ್ಕವಿಲ್ಲ ಎಂದು ಬರೆದಿತ್ತು. ವಿಮೆಯವರಿಗೆ ಅಷ್ಟು ಸಾಕಾಗಿತ್ತು. ಏನು ಹೇಳಿದರೆಂದು ಅದು ಬರೆದುಕೊಂಡಿರಲಿಲ್ಲ.